ಖಾಲಿ ಜಾಗಕ್ಕೆ ತೊಂಬತ್ತೇಳು

ಮೇಜಿನ ಗಾಜಿನ ಮೇಲೆ ಯಾರದೋ ಕಾಫಿ ಲೋಟದ ಒದ್ದೆ ಉಂಗುರ, ಬೆರಳಿನಿಂದ ಒರೆಸಬೇಕೆನ್ನಿಸುತ್ತದೆ ಅವಳಿಗೆ, ಒರೆಸಿದರೆ ಎಲ್ಲರ ಕಣ್ಣೂ ಆ ಬೆರಳಿನ ಮೇಲೇ ಬಿದ್ದೀತು — ಎದುರಿಗೆ ಆಸ್ಪತ್ರೆಯ ಮಕ್ಕಳ ಡಾಕ್ಟರು, ಕೋಪವಿಲ್ಲ, ಕೋಪವಿದ್ದಿದ್ದರೆ ಸಹಿಸಬಹುದಿತ್ತು, ಮಗು ಉಸಿರಿಗೆ ಒದ್ದಾಡ್ತಿದ್ದಾಗ ಆಮ್ಲಜನಕ ನೋಡ್ತಿರೋ ನಿಮ್ಮ ಕಂಪನಿ ಯಂತ್ರ ಯಾಕೆ ಕೂಗಲಿಲ್ಲ ಅಂತಷ್ಟೇ ಕೇಳ್ತಿದೀನಿ ಎನ್ನುತ್ತಾರೆ, ಕೂಗಲಿಲ್ಲ ಯಾಕೆಂದರೆ ಮಗುವಿನ ಕಾಲಿಗೆ ಸಿಕ್ಕಿಸಿದ ಕ್ಲಿಪ್ಪು ಜಾರಿತ್ತು, ಆಮ್ಲಜನಕದ ಅಂಕಿ ಬರುವುದೇ ನಿಂತಿತ್ತು, ಬರದ ಅಂಕಿಯ ಜಾಗದಲ್ಲಿ ಯಂತ್ರದೊಳಗಿನ ಕಂಪ್ಯೂಟರ್ ಕೋಡು ತಾನೇ ಹಿಂದಿನ ಅಂಕಿಗಳ ಸರಾಸರಿ ತುಂಬಿಕೊಂಡು ಹೋಗಿತ್ತು, ತೊಂಬತ್ತೇಳು, ಮತ್ತೆ ತೊಂಬತ್ತೇಳು, ಯಂತ್ರದ ಲೆಕ್ಕಕ್ಕೆ ಗುಂಡುಕಲ್ಲಿನಂಥ ಮಗು. ತುಟಿ ನೀಲಿಯಾದದ್ದನ್ನು ನರ್ಸಮ್ಮ ನೋಡದೆ ಹೋಗಿದ್ದರೆ — ಬೇಡ, ಆ ಕಡೆ ಹೋಗಬಾರದು, ಮಗು ಇನ್ನೂ ಕಣ್ಣು ಬಿಟ್ಟಿಲ್ಲವಂತೆ. ಅವಳು ಬರೆದ ಕೋಡು ಅದಲ್ಲ, ಅವಳ ಸಾಲು ಅಂಕಿ ಬರದಿದ್ದರೆ ಗೊತ್ತಿಲ್ಲವೆಂದು ಒಪ್ಪಿಕೊಂಡು ನರ್ಸನ್ನು ಕೂಗುತ್ತಿತ್ತು, ಗೊತ್ತಿಲ್ಲ ಅನ್ನೋಕೆ ಏನು ನಾಚಿಕೆ ಎಂದು ಹೊಸಬರಿಗೆಲ್ಲ ಕಲಿಸಿದವಳು, ಮೊದಲು ಕಲಿಸಿದ್ದು ಇವಳಿಗೇ, ಪಕ್ಕದ ಕುರ್ಚಿಯಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿರುವ ಇವಳಿಗೆ, ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತಿದವಳಿಗೆ. ಅಕ್ಕಾ, ನಿನ್ನ ಕೋಡಿಗೂ ನಮ್ಮತ್ತೆಗೂ ಒಂದೇ ಚಾಳಿ, ಸಣ್ಣದಕ್ಕೂ ಊರೆಲ್ಲ ಕೂಗಿ ಕರೀತಾರೆ — ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಯಂತ್ರ ತೋರಿಸುವಾಗ ಗಿರಾಕಿಗಳ ಮುಂದೆ ಅದು ಪದೇಪದೇ ಕೂಗಿ ತನ್ನ ಮಾನ ತೆಗೆಯಿತೆಂಬ ಇವಳ ಸಿಟ್ಟು ಆ ನಗುವಿನೊಳಗೇ ಇತ್ತಲ್ಲ, ಕಾಣಲಿಲ್ಲವಲ್ಲ. ಆಮೇಲೆ ಆ ಮಧ್ಯಾಹ್ನ, ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನು, ಒಂದು ಕೈ ಚೀಲದಲ್ಲಿ, ಇನ್ನೊಂದು ಕೀಲಿಮಣೆಯ ಮೇಲೆ, ಪರದೆಯಲ್ಲಿ ಇವಳು ತಿದ್ದಿದ ಕೋಡು ಅವಳ ಒಪ್ಪಿಗೆಗೆ ಕಾಯುತ್ತಿತ್ತು, ನೋಡಿದೀನಿ ಅಂತ ಒತ್ತಿಬಿಡಕ್ಕ, ಕೋಡಲ್ಲಿರೋ ಹೆಸರುಗಳನ್ನ ಮಾತ್ರ ತಿದ್ದಿರೋದು, ನೀನು ಓಡು, ಮಗು ಕಾಯ್ತಿರುತ್ತೆ. ಮಗು ಕಾಯ್ತಿರುತ್ತೆ ಎಂದಿದ್ದಳು, ಎಷ್ಟು ಅಕ್ಕರೆಯಿಂದ, ಬೆನ್ನು ಬೇರೆ ಸವರಿದ್ದಳು — ಇವತ್ತು ಬೆಳಿಗ್ಗೆ ಕಣ್ಣಿಗೆ ಬಿತ್ತು, ತಿದ್ದಿದ ಹೆಸರುಗಳ ಸಂದಿಯಲ್ಲಿ ಒಂದೇ ಒಂದು ಸಾಲು, ಬರದಿದ್ದರೆ ಸರಾಸರಿ ತುಂಬು ಎಂಬ ಸಾಲು. ಈಗ ಮ್ಯಾನೇಜರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಇದನ್ನ ಯಾರು ನೋಡಿ ಒಪ್ಪಿದ್ದು, ಪಕ್ಕದ ಬಾಯಿಂದ ಮುಚ್ಚಳ ಹೊರಬರುತ್ತದೆ, ಮೇಡಂ, ಸರ್, ಪೂರ್ತಿ ಓದೇ ಒಪ್ಪಿದ್ರು. ಮೇಡಂ. ಎಷ್ಟು ಮೆತ್ತಗೆ, ಗೋಡೆ ನೋಡುತ್ತ. ಹೌದೇನಮ್ಮಾ ಎಂದು ಮ್ಯಾನೇಜರು, ಹೌದು, ಒತ್ತಿದ್ದು ತನ್ನ ಬೆರಳೇ, ಇಲ್ಲ, ಓದಿರಲಿಲ್ಲ, ಯಾವುದನ್ನು ಮೊದಲು ಹೇಳುವುದು, ಎಲ್ಲರೂ ಕಾಯುತ್ತಾರೆ, ಕಾಯುವುದು ಎಷ್ಟು ಬೇಗ ಮುಗಿಯುತ್ತದೆ, ಸರಿ, ಹೌದು ಅಂತಲೇ ಇಟ್ಕೊಳ್ಳೋಣ ಎಂದುಬಿಡುತ್ತಾರೆ ಮ್ಯಾನೇಜರು, ಡಾಕ್ಟರು ಗೋಡೆಯ ಪರದೆಯ ಮೇಲೆ ಆ ಹೊತ್ತಿನ ಆಮ್ಲಜನಕದ ಗೆರೆಯನ್ನು ತೆರೆಯುತ್ತಾರೆ, ಏರಿಲ್ಲ, ಇಳಿದಿಲ್ಲ, ಇಲ್ಲಿ ಕ್ಲಿಪ್ಪು ಜಾರಿದ್ದು ಎಂದು ಬೆರಳಿಡುತ್ತಾರೆ, ಅಲ್ಲಿ ತುಂಡಾಗಬೇಕಿತ್ತು ಅದು, ಅವಳಿಗೆ ಕಾಣುವುದು ಕ್ಲಿಪ್ಪಿಲ್ಲದ ಬರಿಯ ಪುಟ್ಟ ಪಾದ, ಮೇಲೆ ಗೆರೆ, ಬರಿಯ ಪಾದ, ಗೆರೆ, ನೆಟ್ಟಗೆ, ನುಣ್ಣಗೆ, ಎಲ್ಲೂ ತುಂಡಾಗದ ಗೆರೆ, ಗೆರೆ —