ರೆಕ್ಕೆಯ ಒಳಗೋಡೆ

ನಮ್ಮ ಅಂಗಳದಲ್ಲಿ ನನ್ನನ್ನು ಗರಗಸ ಎಂದು ಕರೆಯುತ್ತಾರೆ. ಕೈಯಲ್ಲಿರುವ ಯಂತ್ರಕ್ಕೋ ಬಾಯಲ್ಲಿರುವ ನಾಲಗೆಗೋ ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳಿದರೆ ಎರಡಕ್ಕೂ ಅನ್ನುತ್ತಾರೆ, ಆಮೇಲೆ ಜಗಳವಾಗುತ್ತದೆ. ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಕಂಪನಿ ನಮ್ಮದು. ಇಪ್ಪತ್ತು ವರ್ಷ ತಿರುಗಿ ಸುಸ್ತಾದ ರೆಕ್ಕೆಗಳನ್ನು ಗೋಪುರದಿಂದ ಇಳಿಸಿ, ಉದ್ದನೆಯ ಲಾರಿಯಲ್ಲಿ ತಂದು ನಮ್ಮ ಅಂಗಳದಲ್ಲಿ ಮಲಗಿಸುತ್ತಾರೆ. ನಾನು ಕೊಯ್ಯುತ್ತೇನೆ. ಬುಡದ ಬೋಲ್ಟು, ಸಿಡಿಲು ತಡೆಯುವ ತಾಮ್ರದ ತಂತಿ ಒಂದು ಕಡೆ, ನಡುವಿನ ಹಗುರ ಮರ ಇನ್ನೊಂದು ಕಡೆ. ಉಳಿದ ಗಾಜಿನ ನಾರು ಪುಡಿಯಾಗಿ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತದೆ. ನೂರಕ್ಕೆ ತೊಂಬತ್ತಾರು ಪಾಲು ಮರಳಿ ಬಳಕೆಗೆ ಎಂದು ಗೇಟಿನಲ್ಲಿ ಬೋರ್ಡು ಹಾಕಿದ್ದಾರೆ. ಉಳಿದ ನಾಲ್ಕು ಪಾಲು ಎಲ್ಲಿ ಎಂದು ಕೇಳಿದವರಿಗೆ ನಾನು ಧೂಳು ಮೆತ್ತಿದ ನನ್ನ ಮುಖಗವಸು ಬಿಚ್ಚಿ ತೋರಿಸುತ್ತೇನೆ.

ಗಂಡ ಮೇಲೆ ಹತ್ತಿ ರಿಪೇರಿ ಮಾಡಿದ್ದನ್ನು ಹೆಂಡತಿ ಕೆಳಗೆ ನಿಂತು ಕೊಯ್ಯುತ್ತಾಳೆ ಎಂದು ಮೊದಮೊದಲು ಜನ ನಕ್ಕರು. ನಿಜವೇ. ನನ್ನ ಗಂಡ ಇದೇ ಕಂಪನಿಯಲ್ಲಿ ರೆಕ್ಕೆ ರಿಪೇರಿಯ ಕೆಲಸದಲ್ಲಿದ್ದರು. ರೆಕ್ಕೆಯ ಒಳಗೆಲ್ಲ ಟೊಳ್ಳು. ಬುಡದಲ್ಲಿ ಆಳು ನಿಲ್ಲಬಹುದು, ಮುಂದೆ ಹೋದಂತೆ ಕಿರಿದಾಗಿ ತೆವಳಬೇಕಾಗುತ್ತದೆ. ಸಣಕಲು ಮೈಯಾದ್ದರಿಂದ ಬೇರೆಯವರು ತೂರಲಾರದ ಕಡೆಗೂ ಅವರು ತೂರುತ್ತಿದ್ದರು. ಅದಕ್ಕೇ ಜೊತೆಗಾರರು ಗುಬ್ಬಿ ಎಂದು ಹೆಸರಿಟ್ಟಿದ್ದರು.

ಹನ್ನೊಂದು ವರ್ಷದಿಂದ ನಾವು ಜೊತೆಗಿಲ್ಲ. ಅದಕ್ಕೆ ಕಾರಣ ಒಂದೇ ಒಂದು ದಿನ. ಅವತ್ತು ನನ್ನ ಅಪ್ಪ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದರು. ಬೆಳಿಗ್ಗೆಯಿಂದ ಗಂಡನಿಗೆ ಫೋನು ಮಾಡಿ ಮಾಡಿ ಸಾಕಾಯಿತು. ಮಧ್ಯಾಹ್ನ ಮೂರಕ್ಕೆ ಅಪ್ಪ ಹೋದರು. ಗಂಡ ಬಂದದ್ದು ಕತ್ತಲಾದ ಮೇಲೆ. ರೆಕ್ಕೆಯೊಳಗಿದ್ದೆ, ಅಲ್ಲಿ ಫೋನು ಸಿಗುವುದಿಲ್ಲ, ಬಳಿದ ಅಂಟು ಗಟ್ಟಿಯಾಗುವವರೆಗೆ ಬಿಟ್ಟು ಬರುವಂತಿಲ್ಲ ಎಂದರು. ಅಷ್ಟು ಹೊತ್ತಿಗೆ ನನ್ನ ಅಕ್ಕ, ಹನ್ನೊಂದು ಗಂಟೆಗೆ ಬಸ್ ನಿಲ್ದಾಣದಲ್ಲಿ ಯಾವಳೋ ಹೆಂಗಸಿನ ಜೊತೆ ಅವರನ್ನು ಕಣ್ಣಾರೆ ಕಂಡೆ ಎಂದು ನನ್ನ ಕಿವಿಗೆ ಹಾಕಿಯಾಗಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಬೇಕಾದರೆ ಆಫೀಸಿನಲ್ಲಿ ವಿಚಾರಿಸು ಎಂದರು, ಅಷ್ಟೇ. ಆಫೀಸಿನವರು ನಿಮ್ಮ ಪರವಾಗಿಯೇ ಹೇಳುತ್ತಾರೆ, ಮೊದಲು ಮನೆಯಿಂದ ಹೊರಡಿ ಎಂದೆ. ಹೊರಟೇಬಿಟ್ಟರು. ಮರುಮಾತಿಲ್ಲದೆ ಹೊರಟರಲ್ಲ, ತಪ್ಪು ಇದ್ದೇ ಇರಬೇಕು ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈಗ ಅವರು ನಿವೃತ್ತರಾಗಿ, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದಾರೆ. ನನ್ನ ಬಸ್ಸು ದಿನಾ ಅದರೆದುರೇ ನಿಲ್ಲುತ್ತದೆ. ನಾನು ಆಚೆ ಕಡೆಯ ಕಿಟಕಿ ನೋಡುತ್ತೇನೆ. ನನಗೆ ಮಕ್ಕಳಿಲ್ಲ. ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲದೆ ಕುಕ್ಕರಿನ ಜೊತೆ ಜಗಳವಾಡುತ್ತೇನೆ. ಅದಾದರೂ ತಿರುಗಿ ಕೂಗುತ್ತದೆ.

ರಿಪೇರಿಯವರಲ್ಲಿ ಒಂದು ಪದ್ಧತಿಯಿದೆ. ತೇಪೆ ಹಾಕಿದ ಜಾಗದ ಪಕ್ಕದಲ್ಲೇ, ರೆಕ್ಕೆಯ ಒಳಗೋಡೆಯ ಮೇಲೆ, ದಪ್ಪ ಮಾರ್ಕರಿನಲ್ಲಿ ತಾರೀಖು, ಒಳಗೆ ಹೋದ ಗಂಟೆ, ಹೊರಗೆ ಬಂದ ಗಂಟೆ, ತಮ್ಮ ಹೆಸರು ಬರೆಯುತ್ತಾರೆ. ಮುಂದಿನ ರಿಪೇರಿಯವನನ್ನು ಬಿಟ್ಟರೆ ಅದನ್ನು ಓದುವವರಿಲ್ಲ. ಗುಬ್ಬಿ ಎಂಬ ಸಹಿ ನನಗೂ ನಾಲ್ಕಾರು ಸಲ ಕಂಡಿತ್ತು. ಕಂಡಾಗಲೆಲ್ಲ ಯಂತ್ರವನ್ನು ಸ್ವಲ್ಪ ಜೋರಾಗಿಯೇ ಒತ್ತಿದ್ದೇನೆ.

ಮೊನ್ನೆ ಸೋಮವಾರ ಸೀಳಿದ ರೆಕ್ಕೆಯಲ್ಲಿ ಮತ್ತೆ ಅದೇ ಸಹಿ. ಒತ್ತುವುದರಲ್ಲಿದ್ದೆ, ತಾರೀಖು ಕಣ್ಣಿಗೆ ಬಿತ್ತು. ಅಪ್ಪ ಹೋದ ತಾರೀಖು, ಅದೇ ವರ್ಷ. ಒಳಗೆ ಒಂಬತ್ತು ನಲವತ್ತು. ಹೊರಗೆ ಐದು ಐವತ್ತು. ತೇಪೆಗೆ ಐದು ಪದರ. ಗುಬ್ಬಿ. ಯಂತ್ರ ಆರಿಸಿ ಅಲ್ಲೇ ಕೂತುಬಿಟ್ಟೆ. ಯಾರೂ ಓದದ ಕಡೆ ಯಾರಾದರೂ ಸುಳ್ಳು ಬರೆಯುತ್ತಾರೆಯೇ?

ಮೇಸ್ತ್ರಿ ಬಂದು ಹುಷಾರಿಲ್ಲವಾ ಎಂದು ಕೇಳಿದ. ಈ ತುಂಡು ನನಗೆ ಬೇಕು ಎಂದೆ. ಅವನಿಗೆ ಪೇಚಾಯಿತು. ಬಂದ ರೆಕ್ಕೆಯ ತೂಕಕ್ಕೆ ಹೋಗುವ ಚೂರುಗಳ ತೂಕ ತಾಳೆಯಾಗದಿದ್ದರೆ ಲಾರಿ ಗೇಟು ದಾಟುವಂತಿಲ್ಲ. ಕೊನೆಗೆ, ಬೆಂಚು ಮಾಡಲು ತುಂಡು ಕೇಳುವ ಶಾಲೆಗಳಿಗೆ ಕೊಡುವ ಫಾರಂ ಒಂದನ್ನು ನನಗೂ ಕೊಟ್ಟ. ಮುಂದೆ ಏನಕ್ಕೆ ಬಳಸುತ್ತೀರಿ ಎಂಬ ಸಾಲಿನ ಮುಂದೆ, ತೋರಿಸುವುದಕ್ಕೆ ಎಂದು ಬರೆದೆ. ಅವನು ಓದಿ, ನನ್ನ ಮುಖ ನೋಡಿ ಸಹಿ ಹಾಕಿದ. ಪಕ್ಕದ ತೇಪೆಯ ಅಂಚೂ ಸೇರುವಂತೆ ಎರಡು ಗೇಣು ಉದ್ದ, ಒಂದು ಗೇಣು ಅಗಲಕ್ಕೆ ಕೊಯ್ದುಕೊಂಡೆ. ಆ ಅಕ್ಷರಗಳ ಸುತ್ತ ಗರಗಸ ಆಡಿಸುವಾಗ ಆದಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿ, ಅವತ್ತು ಬಸ್ ನಿಲ್ದಾಣದಲ್ಲಿ ಅವರ ಮುಖ ನೋಡಿದ್ದೆಯಾ ಎಂದು ಕೇಳಿದೆ. ಅವಳಿಗೆ ನೆನಪು ಮಾಡಿಕೊಳ್ಳಲೇ ಸ್ವಲ್ಪ ಹೊತ್ತು ಹಿಡಿಯಿತು.

“ಮುಖ ಎಲ್ಲಿ ನೋಡ್ದೆ? ಬೆನ್ನು ಕಂಡಿದ್ದು ಕಣೇ. ಕಂಪನಿ ಕಿತ್ತಳೆ ಕೋಟು ಹಾಕಿದ್ರಲ್ಲ, ಅವರೇ ಅಂದ್ಕೊಂಡೆ.”

ಆ ಕೋಟು ಹಾಕುವವರು ಈ ಊರಲ್ಲಿ ಆರುನೂರು ಜನ. ಅವಳೊಡನೆ ಮಾತಾಡುತ್ತಿದ್ದಾಗ ನನ್ನ ಮೈಮೇಲೂ ಅದೇ ಇತ್ತು. ಅವಳನ್ನು ಹಿಗ್ಗಾಮುಗ್ಗಾ ಬೈಯಬೇಕೆಂದು ಬಾಯಿ ತೆರೆದೆ. ಆದರೆ ಹೊರಡಿ ಎಂದವಳು ಅವಳಲ್ಲ, ನಾನು. ಫೋನು ಇಟ್ಟುಬಿಟ್ಟೆ.

ಭಾನುವಾರ ಬೆಳಿಗ್ಗೆ ತುಂಡನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಸೈಕಲ್ ಅಂಗಡಿಯೆದುರಿನ ಸ್ಟಾಪಿನಲ್ಲಿ ಇಳಿದೆ. ವಾಪಸು ಕರೆದುಕೊಂಡೇ ಬರಬೇಕು ಎಂದು ಮನೆಯಲ್ಲಿ ಮಂಚದ ಮೇಲೆ ಎರಡನೇ ದಿಂಬಿಗೂ ಹೊಸ ಕವರು ಹಾಕಿಟ್ಟಿದ್ದೆ. ಅವರು ಬಾಗಿಲು ತೆರೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾ ಎನ್ನಲಿಲ್ಲ, ಪಕ್ಕಕ್ಕೆ ಸರಿದು ನಿಂತರು. ಒಂದು ಮಂಚ, ಒಂದು ಕುರ್ಚಿ, ಒಂದು ಸ್ಟೌ. ಟೀ ಮಾಡಿದರು. ಲೋಟವೂ ಒಂದೇ. ನಾನು ಕುಡಿದು ಮುಗಿಸುವವರೆಗೆ ಕಾದು, ಅದನ್ನು ತೊಳೆದು, ಆಮೇಲೆ ತಮಗೆ ಬಗ್ಗಿಸಿಕೊಂಡರು.

ಟವೆಲು ಬಿಚ್ಚಿ ತುಂಡನ್ನು ಅವರ ಮುಂದಿಟ್ಟೆ. ಅವರು ಬರಹ ನೋಡಲೇ ಇಲ್ಲ. ತೇಪೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಅಂಟು ಇನ್ನೂ ಬಿಟ್ಟಿಲ್ಲ ಎಂದರು. ಅಷ್ಟು ಹೇಳುವಾಗ ಮುಖದಲ್ಲಿ ಸ್ವಲ್ಪ ಖುಷಿಯಿತ್ತು. ನಾನು ತಾರೀಖು ತೋರಿಸಿದೆ. ತಪ್ಪಾಯಿತು ಎಂದೆ, ಅಕ್ಕ ಕಂಡದ್ದು ಬರೀ ಕೋಟು ಎಂದೆ, ಹನ್ನೊಂದು ವರ್ಷದ ಅಳುವನ್ನೆಲ್ಲ ಅಲ್ಲೇ ಅತ್ತೆ.

“ಇದನ್ನ ನನಗ್ಯಾಕೆ ತಂದೆ? ಅವತ್ತು ನಾನೆಲ್ಲಿದ್ದೆ ಅಂತ ನನಗೆ ಗೊತ್ತಿತ್ತಲ್ಲ,” ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು, ಜಗಳ ನನಗೆ ಬರುತ್ತದೆ.

“ಮನೆಗೆ ಬನ್ನಿ,” ಎಂದೆ.

ಅವರು ತುಂಡನ್ನು ಮತ್ತೆ ಟವೆಲಿನಲ್ಲಿ ಸುತ್ತಿದರು. ಅಂಚು ಚುಚ್ಚದಂತೆ, ಮೂಲೆಗಳನ್ನು ಮಡಿಚಿ ಮಡಿಚಿ ನಿಧಾನವಾಗಿ ಸುತ್ತಿದರು.

“ಗೋಡೆ ಹೇಳಿದ್ದಕ್ಕೆ ನೀನು ನಂಬಿದೆ. ಅವತ್ತು ನಾನೂ ಅದನ್ನೇ ಹೇಳಿದ್ದೆ.”

ನಾನು ಎದ್ದು ಚಪ್ಪಲಿ ಮೆಟ್ಟಿದೆ. ಭಾರವಿದೆ ಎಂದು ಮೆಟ್ಟಿಲಿನ ಕೆಳಗಿನವರೆಗೆ ಅವರೇ ಅದನ್ನು ಹೊತ್ತು ತಂದರು. ನನ್ನ ಕೈಗೆ ಕೊಟ್ಟು, ಹುಷಾರಾಗಿ ಹೋಗು ಎಂದು ಹೇಳಿ ಮೇಲೆ ಹೋದರು. ಬಸ್ಸು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಈ ಸಲ ಅವರ ಕೋಣೆ ಕಾಣುವ ಕಡೆಯ ಸೀಟಿನಲ್ಲೇ ಕೂತೆ. ಕೋಣೆಯ ಕಿಟಕಿಯಲ್ಲಿ ಅವರಿರಲಿಲ್ಲ. ಆ ಒಂದು ಲೋಟವನ್ನು ತೊಳೆದು ಅಲ್ಲಿ ಬೋರಲು ಹಾಕಿದ್ದರು.