ತೊಂಬತ್ತೈದು ಡಿಗ್ರಿ

“ಏನೇ, ನಿನ್ ಮೊಣಕಾಲೇನು ಅರಮನೆ ಕಂಬಾನಾ? ನಮ್ ಮುಂದೆ ಬಗ್ಗಲ್ವಾ?”

ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ ಶ್ರೀನಿವಾಸಪ್ಪ ಕೇಳಿದ. ಅಂಗಳದಲ್ಲಿ ಕೂಲಿಗೆ ಬಂದ ಎಂಟು ಹೆಂಗಸರು ಕುಕ್ಕರಗಾಲಲ್ಲಿ ಕೂತಿದ್ದರು. ರಜನಿ ಒಬ್ಬಳೇ ನಿಂತಿದ್ದಳು. ಕಂಕುಳಲ್ಲಿ ಕೋಲು, ಬಲಗಾಲು ಒಂದಿಷ್ಟು ಮುಂದಕ್ಕೆ.

“ಮಡ್ಚಕ್ಕಾಗಲ್ಲ ಗೌಡ್ರೇ. ಒಳಗೆ ಪ್ಲೇಟ್ ಹಾಕವ್ರೆ.”

“ಪ್ಲೇಟ್ ಹಾಕಿದ್ರೆ ಆಯ್ತಾ? ಅನ್ನ ಯಾರ್ ಹಾಕ್ತಾರೆ?”

ಅವನು ನಕ್ಕ. ಅವನು ನಕ್ಕನೆಂದು ಹೆಂಗಸರೂ ನಕ್ಕರು. ಮೇಸ್ತ್ರಿ ಶಾಮಲಮ್ಮನೂ ನಕ್ಕಳು. ನಕ್ಕ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅದುಕ್ಕೇ ಬಂದಿದ್ದು ಗೌಡ್ರೇ,” ಎಂದಳು ರಜನಿ. “ಹಣ್ಣು ಬಿಡ್ಸೋದು ಆಗಲ್ಲ. ಶೆಡ್‌ನಾಗೆ ಒಳ್ಳೇದು ಕೆಟ್ಟದ್ದು ಆರ್ಸೋ ಕೆಲ್ಸ ಕೊಡಿ.”

“ಆರ್ಸೋದು ನಿಂತ್ಕೊಂಡ್ ಮಾಡ್ತೀಯೇನೇ? ಟೊಮೊಟೊ ನೆಲದ ಮೇಲಿರುತ್ತೆ, ಆಕಾಶದಾಗಲ್ಲ. ಕೂತ್ಕೊಂಡ್ ಗುಡ್ಡೆ ಹಾಕ್ಬೇಕು, ಬಾಕ್ಸಿಗೆ ತುಂಬ್ಬೇಕು. ನಿಂಗೊಬ್ಳಿಗೆ ಟೇಬಲ್ ಹಾಕ್ಸ್ಲಾ?” ಲೋಟದ ತಳದಲ್ಲಿದ್ದ ಚರಟವನ್ನು ಅಂಗಳಕ್ಕೆ ಚೆಲ್ಲಿದ. ಅದು ರಜನಿಯ ಕೋಲಿನ ಬುಡಕ್ಕೆ ಬಿತ್ತು. “ಏಮೇ ಶಾಮಲಾ, ನೀನೇ ಅಲ್ವಾ ಆ ಶಿಬಿರ್ದಾಗೆ ಕಾಲು ಒತ್ತೋಳು? ಕೂರೋ ಹಂಗ್ ಮಾಡ್ಕೊಂಡ್ ಕರ್ಕೊಂಬಾ. ಕೂತ್ಲಾ, ಕೆಲ್ಸ ಐತೆ. ಇಲ್ವಾ, ಮನೇಗಿರ್ಲಿ.”

“ಆಯ್ತು ಗೌಡ್ರೇ,” ಎಂದಳು ಶಾಮಲಮ್ಮ.

ನಾಲ್ಕು ತಿಂಗಳ ಹಿಂದೆ ನಂಗಲಿ ಕಡೆಯ ತೋಟಕ್ಕೆ ಹೋಗುವಾಗ ತಿರುವಿನಲ್ಲಿ ಟೆಂಪೊ ಮಗುಚಿತ್ತು. ಸಾಮಾನು ಸಾಗಿಸುವ ಟೆಂಪೊ. ಹಿಂದೆ ಖಾಲಿ ಬಾಕ್ಸುಗಳ ನಡುವೆ ಹದಿನೇಳು ಹೆಂಗಸರು. ಅಶ್ವತ್ಥಮ್ಮ ರಸ್ತೆಯಲ್ಲೇ ಹೋದಳು. ಆರು ಜನರಿಗೆ ಮೂಳೆ ಮುರಿಯಿತು. ಟೆಂಪೊ ಶ್ರೀನಿವಾಸಪ್ಪನದು, ಕೇಸು ಬಿದ್ದದ್ದು ಡ್ರೈವರಿನ ಮೇಲೆ.

ಶಾಮಲಮ್ಮ ಮುಂದೆ ಡ್ರೈವರಿನ ಪಕ್ಕ ಕೂತಿದ್ದಳು. ಅದು ಮೇಸ್ತ್ರಿಯ ಜಾಗ. ಅವಳ ಒಂದು ಬಳೆ ಒಡೆದಿತ್ತು, ಅಷ್ಟೆ.

ಆ ಬೆಳಿಗ್ಗೆ ಟೆಂಪೊ ಹತ್ತುವ ಮುಂಚೆ ರಜನಿ ಅವಳ ಹತ್ತಿರ ಬಂದು, “ಅಕ್ಕಾ, ಇವತ್ತೊಂದಿನ ನಾನ್ ಮುಂದೆ ಕೂತ್ಕೊಳ್ಲಾ? ತಲೆ ಸುತ್ತುತಾ ಐತೆ,” ಎಂದು ಕೇಳಿದ್ದಳು.

“ಮೇಸ್ತ್ರಿ ಆದಾಗ ಕೂತ್ಕೊಳ್ಳೋವಂತೆ. ಹತ್ತೇ ಹಿಂದೆ.”

ಅದನ್ನು ಕೇಳಿಸಿಕೊಂಡವರು ಇಬ್ಬರೇ: ಅಶ್ವತ್ಥಮ್ಮ ಮತ್ತು ರಜನಿ. ಅಶ್ವತ್ಥಮ್ಮ ಇಲ್ಲ. ರಜನಿ ಇದುವರೆಗೆ ಯಾರ ಹತ್ತಿರವೂ ಆ ಮಾತು ಎತ್ತಿಲ್ಲ. ಎತ್ತಿ ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಶಾಮಲಮ್ಮನಿಗೆ ಅನಿಸುತ್ತಿತ್ತು.

*

ಗಾಯಾಳುಗಳಿಗೆಂದು ಬೆಂಗಳೂರಿನ ಒಂದು ಟ್ರಸ್ಟು ಊರ ಸ್ಕೂಲಿನ ಕೋಣೆಯಲ್ಲಿ ಶಿಬಿರ ನಡೆಸುತ್ತಿತ್ತು. ವಾರಕ್ಕೆ ಎರಡು ದಿನ ಫಿಜಿಯೊ ಮೇಡಂ ಶೋಭಾರಾಣಿ ಮುಳಬಾಗಿಲಿನಿಂದ ಬಸ್ಸಿಗೆ ಬಂದು ಹೋಗುತ್ತಿದ್ದಳು. ಉಳಿದ ದಿನ ವ್ಯಾಯಾಮ ಮಾಡಿಸಲು ಊರವರೇ ಒಬ್ಬರು ಬೇಕೆಂದಾಗ ಶಾಮಲಮ್ಮ ಯಾರೂ ಕರೆಯದೆ ಮುಂದೆ ಬಂದಿದ್ದಳು. ಹಿಮ್ಮಡಿಯನ್ನು ಅಂಗೈಯಲ್ಲಿ ಹೇಗೆ ಹಿಡಿಯಬೇಕು, ಹತ್ತು ಎಣಿಸುವವರೆಗೆ ಹೇಗೆ ತಡೆಯಬೇಕು, ಯಾವಾಗ ಬಿಡಬೇಕು, ಎಲ್ಲ ಕಲಿತಳು. ಆರು ಜನರ ಕೈಕಾಲು ಅವಳ ಕೈಯಲ್ಲಿ ದಿನವೂ ಬಗ್ಗಿದವು. ಅವರು ಕಿರುಚಿದಾಗಲೆಲ್ಲ ಅವಳ ಎದೆಯಲ್ಲಿ ಏನೋ ಕಿತ್ತುಬಂದು, ಆಮೇಲೆ ಸ್ವಲ್ಪ ಹಗುರಾಗುತ್ತಿತ್ತು. ಆ ಹಗುರವೇ ಅವಳಿಗೆ ಹೇಸಿಗೆಯಾಗುತ್ತಿತ್ತು.

ಆ ಮಂಗಳವಾರ ಮೇಡಂ, ಕೈವಾರದಂತೆ ಬಿಚ್ಚಿಕೊಳ್ಳುವ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ರಜನಿಯ ಮೊಣಕಾಲಿನ ಪಕ್ಕಕ್ಕಿಟ್ಟು ಓದಿದಳು.

“ತೊಂಬತ್ತೈದು! ಗುಡ್, ರಜನಿ. ತೊಂಬತ್ತು ದಾಟಿದ್ರೆ ನಮ್ಮ ಗುರಿ ಮುಟ್ಟಿದ ಹಾಗೆ. ಕುರ್ಚಿ ಮೇಲೆ ಕೂರಬಹುದು, ಎದ್ದು ಓಡಾಡಬಹುದು. ನಿಮ್ಮ ಫೈಲ್ ಕ್ಲೋಸ್.”

ರಜನಿ ಸೀರೆ ಸರಿಮಾಡಿಕೊಂಡಳು. “ನಮ್ಮನೇಲಿ ಕುರ್ಚಿ ಇಲ್ಲ ಮೇಡಂ.”

ಮೇಡಂ ಬರೆಯುತ್ತಿದ್ದವಳು ನಿಲ್ಲಿಸಿದಳು.

“ಕಕ್ಕಸಿಗೆ ಕೂರಕ್ಕೂ ಆಗಲ್ಲ. ನಮ್ಮತ್ತೆ ಎರಡೂ ಕಂಕುಳು ಹಿಡ್ಕೊಂಡ್ ನಿಂತ್ಕೊಂತಾಳೆ. ಮುಖ ಅತ್ಲಾಗ್ ತಿರುಗಿಸ್ಕೊಂಡು. ಪೂರ್ತಿ ಬಗ್ಬೇಕು ಮೇಡಂ. ಕೆಲ್ಸಕ್ಕೆ ಕರೀತಾರಂತೆ, ಬಗ್ಗಿದ್ರೆ.”

“ಅದಕ್ಕೆ ನೂರಮೂವತ್ತಾದರೂ ಬೇಕು. ಆಗಬಹುದು, ಇನ್ನೂ ಎರಡು ಮೂರು ತಿಂಗಳು, ನಿಧಾನವಾಗಿ.” ಮೇಡಂ ಹಾಳೆಯನ್ನು ಮಗುಚಿದಳು. ಎಲ್ಲ ಊರಿಗೂ ಒಂದೇ ಹಾಳೆ, ಒಂದೇ ಗುರಿ. “ಶಿಬಿರ ಶುಕ್ರವಾರಕ್ಕೆ ಮುಗಿಯುತ್ತಲ್ಲ ರಜನಿ. ನನ್ನನ್ನ ಶ್ರೀನಿವಾಸಪುರದ ಕಡೆ ಹಾಕಿದ್ದಾರೆ.” ಆಮೇಲೆ ಶಾಮಲಮ್ಮನ ಕಡೆ ತಿರುಗಿ, “ನೀವು ಮಾಡಿಸ್ತಾ ಇರಿ. ಆದರೆ ಜೋರಾಗಿ ಒತ್ತಬೇಡಿ. ಮಂಡಿ ಬಿಸಿಯಾದ್ರೆ ಅಲ್ಲಿಗೇ ನಿಲ್ಲಿಸಿ. ತಿಳೀತಾ?”

“ತಿಳೀತು ಮೇಡಂ.”

*

ಗುರುವಾರ ಮಧ್ಯಾಹ್ನ ರಜನಿಯ ಮನೆಯಲ್ಲಿ, ಚಾಪೆಯ ಮೇಲೆ. ಅತ್ತೆ ಹಸುವಿಗೆ ಹುಲ್ಲು ತರಲು ಹೋಗಿದ್ದಳು. ಮಂಗಳವಾರದಿಂದ ದಿನಕ್ಕೆ ಎರಡು ಸಲ, ನಾಲ್ಕು ಸಲ ಒತ್ತಿದ್ದರೂ ಮೊಣಕಾಲು ಅಲ್ಲೇ ನಿಂತಿತ್ತು. ಮುಟ್ಟಿದರೆ ಕಾದ ತವದ ಹಾಗಿತ್ತು.

“ಬಿಸಿ ಐತಲ್ಲೇ. ಬೇಡ ಬಿಡು.”

“ಒತ್ತಕ್ಕಾ. ನಾಳೆ ಶಿಬಿರದ ಫಂಕ್ಷನ್‌ಗೆ ಗೌಡ ಬರ್ತಾನೆ. ಎಲ್ರ ಜತೆ ನೆಲಕ್ಕೆ ಕೂತ್ಬಿಟ್ರೆ ಅಲ್ಲೇ ಕೇಳ್ತೀನಿ ಕೆಲ್ಸ. ಕಿರುಚಿದ್ರೂ ಬಿಡಬೇಡ.” ಬಾಯಿಗೆ ಸೆರಗು ತುರುಕಿಕೊಂಡಳು.

ಶಾಮಲಮ್ಮ ಹಿಮ್ಮಡಿ ಹಿಡಿದಳು. ಇವಳು ಕೂತರೆ ಸಾಕು, ಇವಳೊಬ್ಬಳು ಕೂತುಬಿಟ್ಟರೆ ಆ ಟೆಂಪೊದ ಮುಂದಿನ ಸೀಟು ತನ್ನ ಬೆನ್ನು ಬಿಡುತ್ತದೆ ಎಂದುಕೊಂಡಳು. ಒಂದು, ಎರಡು, ಮೂರು ಎಂದು ಎಣಿಸಿದಳು. ಹತ್ತು ಬಂದರೂ ಬಿಡಲಿಲ್ಲ. ಮೈಭಾರವನ್ನೆಲ್ಲ ಹಾಕಿದಳು.

ಒಳಗೆ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು.

ರಜನಿ ಕಿರುಚಲಿಲ್ಲ. ಸೆರಗು ಬಾಯಿಂದ ಬಿತ್ತು. ಕಣ್ಣು ಮಾತ್ರ ಮೇಲೆ ಸಿಕ್ಕಿಕೊಂಡಿತು. ಶಾಮಲಮ್ಮ ತಣ್ಣೀರ ಬಟ್ಟೆ ಹಾಕಿದಳು, ತೆಗೆದಳು, ಹಾಕಿದಳು. ಸಂಜೆಯ ಹೊತ್ತಿಗೆ ಮೊಣಕಾಲು ಹಲಸಿನ ಕಾಯಿಯಷ್ಟಾಗಿತ್ತು.

“ಯಾರ್ಗೂ ಹೇಳ್ಬೇಡಕ್ಕಾ,” ಎಂದಳು ರಜನಿ, “ನಿನ್ನ ಬೈತಾರೆ.”

*

ಶುಕ್ರವಾರ ಸ್ಕೂಲಿನ ಅಂಗಳದಲ್ಲಿ ಶಾಮಿಯಾನ. ವೇದಿಕೆಯ ಮೇಲೆ ಬಿಳಿ ಪ್ಲಾಸ್ಟಿಕ್ ಕುರ್ಚಿ ಐದು, ಕೆಳಗೆ ಜಮಖಾನ. ಶ್ರೀನಿವಾಸಪ್ಪ ಮಧ್ಯದ ಕುರ್ಚಿಯಲ್ಲಿದ್ದ. ಅವನ ಪಕ್ಕದ ಕುರ್ಚಿಗೆ ಟರ್ಕಿ ಟವೆಲ್ ಹೊದಿಸಿ, ಬರಬೇಕಿದ್ದ ದೊಡ್ಡವರೊಬ್ಬರಿಗೆಂದು ಖಾಲಿ ಬಿಟ್ಟಿದ್ದರು.

ಕಾರ್ಯಕ್ರಮಕ್ಕೆ ಮುಂಚೆ ಕೋಣೆಯೊಳಗೆ ಮೇಡಂ ರಜನಿಯ ಕಾಲು ನೋಡಿ ಬೆಚ್ಚಿದಳು. ಪಟ್ಟಿ ಇಟ್ಟಳು. ಅರವತ್ತು.

“ಯಾರು ಒತ್ತಿದ್ದು ಇದನ್ನ?”

“ಬಚ್ಚಲಾಗೆ ಬಿದ್ದೆ ಮೇಡಂ.”

“ರಜನಿ, ನಿಜ ಹೇಳಿ.”

“ಬಿದ್ದೆ ಮೇಡಂ, ಆಣೆ.”

ಶಾಮಲಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಮೇಡಂ ಅವಳ ಮುಖವನ್ನೇ ನೋಡಿದಳು. “ಇವತ್ತೇ ಕೋಲಾರದ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಫಂಕ್ಷನ್ ಮುಗೀಲಿ, ನಾನೇ ಬರ್ತೀನಿ,” ಎಂದಳು. ಹೊರಗೆ ಮೈಕಿನಲ್ಲಿ ಆಗಲೇ ಓದುತ್ತಿದ್ದರು: ಆರೂ ಜನ ಗಾಯಾಳುಗಳು ಗುಣಮುಖ, ರಜನಿ ತೊಂಬತ್ತೈದು ಡಿಗ್ರಿ. ಚಪ್ಪಾಳೆ.

ಹೆಂಗಸರೆಲ್ಲ ಜಮಖಾನದ ಮೇಲೆ ಕೂತರು. ನಡುವೆ ರಜನಿ ಮಾತ್ರ ಕೋಲಿಗೆ ಜೋತು ನಿಂತಿದ್ದಳು. ತುಟಿ ಬೆಳ್ಳಗಾಗಿತ್ತು.

ಶ್ರೀನಿವಾಸಪ್ಪ ಮೈಕನ್ನು ಪಕ್ಕಕ್ಕೆ ಸರಿಸಿ ಕೂಗಿದ. “ಏ ಶಾಮಲಾ, ಗುಣ ಆಯ್ತು ಅಂತ ಓದವ್ರಲ್ಲೇ! ಇನ್ನೂ ಯಾಕೆ ಕಂಬದಂಗ್ ನಿಂತವ್ಳೆ? ಮರ್ಯಾದೆ ಗೊತ್ತಿಲ್ವಾ? ಕೂರ್ಸೇ ಅವಳ್ನ!”

ಶಾಮಲಮ್ಮ ಎದ್ದಳು. ರಜನಿಯ ಕಡೆ ಹೋಗಲಿಲ್ಲ. ಚಪ್ಪಲಿ ಬಿಡದೆ ವೇದಿಕೆ ಹತ್ತಿದಳು. ಟವೆಲ್ ಹೊದಿಸಿದ ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡಳು.

“ಏಯ್! ಅದು ಯಾರ ಕುರ್ಚಿ ಗೊತ್ತೇನೇ ಮುಂಡೆ? ಇಡೇ ಕೆಳಗೆ!”

“ಕೆಳಗೇ ಇಡ್ತೀನಿ ಗೌಡ್ರೇ.”

ಇಳಿದು ಬಂದು ಜಮಖಾನದ ನಡುವೆ ಇಟ್ಟಳು. ಹೆಂಗಸರು ಸರಿದು ಜಾಗ ಬಿಟ್ಟರು. ರಜನಿ ತಲೆ ಅಲ್ಲಾಡಿಸಿದಳು. “ಬೇಡಕ್ಕಾ. ಕೆಲ್ಸ ಹೋಗುತ್ತೆ.”

“ಕೂತ್ಕೊಳ್ಳೇ.” ಭುಜ ಹಿಡಿದು ಕೂರಿಸಿದಳು. ಆಮೇಲೆ ವೇದಿಕೆಯ ತುದಿಯಲ್ಲಿ ಕೂತಿದ್ದ ಮೇಡಂ ಕಡೆ ತಿರುಗಿದಳು. “ಬಚ್ಚಲಾಗೆ ಬಿದ್ದಿಲ್ಲ ಮೇಡಂ ಇವಳು. ಒತ್ತಿದ್ದು ನಾನು. ಬಿಸಿ ಐತೆ ಅಂತ ಗೊತ್ತಿದ್ದೂ ಒತ್ತಿದೆ. ಗೌಡ್ರ ಮುಂದೆ ನೆಲಕ್ಕೆ ಕೂರ್ಲಿ ಅಂತ ಒತ್ತಿದೆ.” ರಜನಿಯ ಕಡೆ ಕೈ ಮಾಡಿದಳು. “ಆವತ್ತು ತಲೆ ಸುತ್ತುತ್ತೆ, ಮುಂದಿನ ಸೀಟು ಕೊಡು ಅಂದ್ಲು. ಕೊಡ್ಲಿಲ್ಲ. ಎಲ್ರನ್ನೂ ಹಿಂದೆ ತುಂಬ್ದೋಳು ನಾನು. ತುಂಬು ಅಂದೋರು ಅಲ್ಲಿ ಕೂತವ್ರೆ.”

ಅಶ್ವತ್ಥಮ್ಮನ ಅಕ್ಕ ಗಂಗರತ್ನಮ್ಮ ಮುಂದಿನ ಸಾಲಿನಲ್ಲಿದ್ದಳು. ಶಾಮಲಮ್ಮನ ಕಡೆ ನೋಡಿ, ಪಕ್ಕಕ್ಕೆ ಕ್ಯಾಕರಿಸಿ ಉಗಿದಳು.

ಶಾಮಲಮ್ಮ ಅದನ್ನು ನೋಡಿದಳು. ನೋಡಿ, ಕುರ್ಚಿಯ ಮುಂದೆ ಮಂಡಿಯೂರಿ, ರಜನಿಯ ಊದಿದ ಕಾಲನ್ನು ಮೆಲ್ಲಗೆ ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡಳು. ಊತ ಇಳಿಯಬೇಕಾದರೆ ಕಾಲು ಎತ್ತರದಲ್ಲಿರಬೇಕು. ಅದನ್ನೂ ಮೇಡಮ್ಮೇ ಕಲಿಸಿದ್ದು.

ಬಿರುಕುಬಿಟ್ಟ ಅಂಗಾಲು ನೇರ ವೇದಿಕೆಗೆ ಮುಖಮಾಡಿತ್ತು.

“ಇಳ್ಸೇ ಕಾಲು!” ಶ್ರೀನಿವಾಸಪ್ಪ ಎದ್ದು ನಿಂತಿದ್ದ. “ಇಳ್ಸೇ ಅಂದೆ! ಯಾರ್ಗೆ ತೋರಿಸ್ತಿದೀರೇ ಅದನ್ನ?”

ರಜನಿ ಕಾಲು ಎಳೆದುಕೊಳ್ಳಲು ನೋಡಿದಳು. ಶಾಮಲಮ್ಮ ಹಿಮ್ಮಡಿ ಬಿಡಲಿಲ್ಲ. ತಿರುಗಿಯೂ ನೋಡಲಿಲ್ಲ. ಅವಳು ಎಣಿಸುತ್ತಿದ್ದಳು.