ನೀವೇ ತಾನೇ ಒತ್ತಿದ್ದು

“ಇಲ್ಲಿವರೆಗೂ ಓದಿದ್ದೀನಿ,” ಎಂದು ಅತ್ತೆ ಪರದೆಯ ಮೇಲೆ ಬೆರಳಿಟ್ಟಳು. “ಇದು ನಿಮ್ಮ ಮದುವೆ ತಿಂಗಳಲ್ಲಿ ಬರೆದಿದ್ದು. ಅವಳು ನಿಮ್ಮನೆಗೆ ಬಂದ್ಮೇಲೆ ಬರೆದಿದ್ದನ್ನ ನಾಳೆಯಿಂದ ಓದ್ತೀನಿ.”

ಅಳಿಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಮಗಳು ಸತ್ತು ಹತ್ತು ತಿಂಗಳಾಗಿತ್ತು. ಅವಳ ಬಟ್ಟೆಬರೆಯ ಜೊತೆ ಲ್ಯಾಪ್‌ಟಾಪನ್ನೂ ಅವನೇ ತಂದುಕೊಟ್ಟಿದ್ದ. ಅದರಲ್ಲಿ ಅವಳ ಮೇಲ್ ತೆರೆದೇ ಇದೆಯೆಂಬುದು ಅವನಿಗೆ ಹೊಳೆದಿರಲಿಲ್ಲ. ಅದರ ತುಂಬ ಗೆಳತಿಯೊಬ್ಬಳಿಗೆ ವರ್ಷಗಟ್ಟಲೆ ಬರೆದ ಕಾಗದಗಳು. ತಾಯಿ ದಿನಾ ಹೊಲಿಗೆ ಮಿಷನ್ನಿಗೆ ಕೂರುವ ಮೊದಲು ಒಂದನ್ನು ಓದುತ್ತಿದ್ದಳು. ಎರಡು ಓದಿದರೆ ಬೇಗ ಮುಗಿದುಹೋದೀತೆಂಬ ಭಯ.

“ತುಂಬಾ ನಿಧಾನ ಆಗ್ಬಿಟ್ಟಿದೆಯಲ್ಲ ಅತ್ತೆ ಇದು. ಕುಕೀ ತುಂಬ್ಕೊಂಡಿದೆ.”

“ಹಾಗಂದ್ರೆ?”

“ನಿಮ್ಮ ಗುರುತಿಗೆ ಅಂತ ಒಂದೊಂದು ಸೈಟೂ ಇಲ್ಲಿ ಚೀಟಿ ಇಟ್ಟುಹೋಗಿರುತ್ತೆ. ಈಗಿನ ಬ್ರೌಸರಲ್ಲಿ ಯಾವುದು ಇರ್ಲಿ, ಯಾವುದು ಬೇಡ ಅಂತ ನೀವೇ ಹೇಳಬಹುದು. ಎಲ್ಲಾ ನಿಮ್ಮ ಕೈಲೇ.”

ಆ ಮಾತು ಅವಳಿಗೆ ಹಿತವಾಯಿತು. ಪಟ್ಟಿ ತೆರೆದುಕೊಂಡಿತು. ನೂಲಿನ ಅಂಗಡಿ, ಇರಲಿ ಎಂದ. ಎಂದೋ ನೋಡಿದ್ದ ಚಪ್ಪಲಿ ಅಂಗಡಿ, ಬೇಡ ಎಂದ. ಅವಳು ಸೂಜಿಗೆ ದಾರ ಪೋಣಿಸುವಷ್ಟು ಗಮನವಿಟ್ಟು ಒತ್ತುತ್ತ ಹೋದಳು.

“ಇದು ಮೇಲ್ ಸೈಟಿನ ಚೀಟಿ. ಎಲ್ಲಕ್ಕಿಂತ ಹಳೇದು. ಭಾರ ಇರೋದೇ ಇದು.”

ಅವಳ ಬೆರಳು ನಿಂತಿತು. “ಕಾಗದ ಹೋಗಲ್ವಾ?”

“ಎಲ್ಲಿಗೆ ಹೋಗುತ್ತೆ ಅತ್ತೆ? ಇದ್ದಲ್ಲೇ ಇರುತ್ತೆ.”

ಅದು ಸುಳ್ಳೇನೂ ಆಗಿರಲಿಲ್ಲ. ಅವಳು ಒತ್ತಿದಳು.

ಮೇಲ್ ಪುಟ ಮತ್ತೆ ತೆರೆದಾಗ ಕಾಗದಗಳಿರಲಿಲ್ಲ. ಗುರುತಿನ ಚೀಟಿ ಹೋಗಿತ್ತು. ಪಾಸ್‌ವರ್ಡ್ ಕೇಳುವ ಖಾಲಿ ಚೌಕವಿತ್ತು.

“ಏನು ಹಾಕ್ಬೇಕು?”

“ಅವಳ ಪಾಸ್‌ವರ್ಡು. ನಂಗೂ ಗೊತ್ತಿಲ್ಲ.”

“ಮರೆತಿದ್ರೆ ಫೋನಿಗೆ ಏನೋ ಕಳಿಸ್ತಾರಂತೆ. ಇಲ್ಲಿ ಬರೆದಿದೆ ನೋಡಿ.”

“ಅವಳ ನಂಬರನ್ನ ಹೋದ ತಿಂಗಳೇ ರದ್ದು ಮಾಡಿಸಿದೆ.” ಅವನು ಎದ್ದು ಅಂಗಿಯ ತೋಳು ಇಳಿಸಿಕೊಂಡ. “ನಾನು ಮುಟ್ಟಲೂ ಇಲ್ಲ. ನೀವೇ ತಾನೇ ಒತ್ತಿದ್ದು?”

ಅವಳು ತಲೆಯೆತ್ತಿದಳು. ಅವನ ಮುಖವನ್ನು ಇಷ್ಟು ನಿರಾಳವಾಗಿ ಈ ಹತ್ತು ತಿಂಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಏನು ಬರೆದಿದ್ಲು?” ಎಂದಳು.

“ಊಟ, ತಿಂಡಿ, ಮನೆ ಕೆಲಸ. ಇನ್ನೇನು ಬರೀತಾಳೆ?”

ಬಾಗಿಲು ಹಾಕಿದ ಸದ್ದಾಯಿತು. ಮೆಟ್ಟಿಲ ಮೇಲೆ ಅವನ ಬೂಟಿನ ಸಪ್ಪಳ ಇಳಿಯುತ್ತ ಇಳಿಯುತ್ತ ಇಲ್ಲವಾಯಿತು. ಅವಳು ಮಗಳನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಒತ್ತಿದ ಅಕ್ಷರವೆಲ್ಲ ಚೌಕದೊಳಗೆ ಕಪ್ಪು ಚುಕ್ಕಿಯಾಗಿ ಕೂರುತ್ತಿತ್ತು.